ಕೆಂಪು ರಕ್ತವೇ ಇಲ್ಲದ ಮೀನು: ಯೋನನ ಐಸ್‌ಫಿಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಟಾರ್ಕ್ಟಿಕ ಅಂದ ತಕ್ಷಣ ನಮಗೆ ನೆನಪಾಗುವುದು ಪೆಂಗ್ವಿನ್. ಆಮೇಲೆ ತಿಮಿಂಗಿಲ. ಮೀನು ಯಾರಿಗೂ ನೆನಪಾಗುವುದಿಲ್ಲ. ಆದರೆ ಅಲ್ಲಿನ ಹಿಮದ ಹಾಸಿನ ಕೆಳಗೆ, ಬೆಳಕೇ ತಲುಪದ ಆಳದಲ್ಲಿ, ಒಂದು ಮೀನು ಕಲ್ಲುಗಳ ಮೇಲೆ ಮೊಟ್ಟೆ ಇಟ್ಟು ಕಾಯುತ್ತಾ ಕೂತಿರುತ್ತದೆ. ಅದರ ಮೈಯಲ್ಲಿ ಹರಿಯುವ ರಕ್ತಕ್ಕೆ ಬಣ್ಣವಿಲ್ಲ. ಈ ಮೀನಿನ ಬಗ್ಗೆ ಹೇಳಿದಾಗೆಲ್ಲ ಕೇಳುವವರು ಅವೇ ಪ್ರಶ್ನೆ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಇದು ಯಾವ ಮೀನು? ಹೆಸರೇನು?

ವಿಜ್ಞಾನಿಗಳು ಇಟ್ಟ ಹೆಸರು ನಿಯೋಪ್ಯಾಜೆಟಾಪ್ಸಿಸ್ ಅಯೋನಾ. ಬಳಕೆಯ ಹೆಸರು 'ಜೋನಾಸ್ ಐಸ್‌ಫಿಶ್', ಅಂದರೆ ಯೋನನ ಐಸ್‌ಫಿಶ್. ಐಸ್‌ಫಿಶ್ ಕುಟುಂಬದಲ್ಲಿ ಸುಮಾರು 16 ಜಾತಿಗಳಿವೆ, ಅವುಗಳಲ್ಲಿ ಇದೂ ಒಂದು. ಬೆಳೆದ ಮೀನು ಹೆಚ್ಚೆಂದರೆ 55 ಸೆಂಟಿಮೀಟರ್ ಆಸುಪಾಸು ಉದ್ದ ಬರುತ್ತದೆ. ಮೈಮೇಲೆ ಹುರುಪೆ ಇಲ್ಲ, ನುಣ್ಣನೆಯ ಚರ್ಮ. ಮೂತಿ ಉದ್ದ, ಚಪ್ಪಟೆ. ಈ ಕುಟುಂಬಕ್ಕೆ ಮೊಸಳೆ ಐಸ್‌ಫಿಶ್ ಅನ್ನುವ ಹೆಸರೂ ಬಂದಿರುವುದು ಈ ಮೂತಿಯಿಂದಲೇ.

'ಐಸ್ ಮೀನು' ಅಂತ ಕನ್ನಡ ಮಾಡಬಹುದಿತ್ತು. ಆದರೆ ನಮ್ಮ ಕರಾವಳಿಯಲ್ಲಿ ಐಸ್ ಮೀನು ಅಂದರೆ ಐಸ್ ಪೆಟ್ಟಿಗೆಯಲ್ಲಿಟ್ಟ ಮೀನು, ತಾಜಾ ಅಲ್ಲದ್ದು. ಗೊಂದಲ ಬೇಡ ಅಂತ ಐಸ್‌ಫಿಶ್ ಎಂದೇ ಬರೆಯುತ್ತೇನೆ.

ಯೋನ ಎಂದರೆ ಬೈಬಲ್‌ನ ಯೋನನಾ?

ಹೌದು, ಅದೇ ಯೋನ. ದೊಡ್ಡ ಮೀನೊಂದು ಅವನನ್ನು ನುಂಗಿ, ಮೂರು ದಿನದ ಮೇಲೆ ದಡಕ್ಕೆ ಕಾರಿದ ಕತೆ ಗೊತ್ತಲ್ಲ. ವಿಜ್ಞಾನಿಗಳ ಕೈಗೆ ಈ ಮೀನು ಮೊದಲು ಸಿಕ್ಕಿದ್ದು ತಿಮಿಂಗಿಲದ ಹೊಟ್ಟೆಯೊಳಗೆ. ಸ್ವೀಡನ್ನಿನ ಮೀನು ತಜ್ಞ ಒರ್ವಾರ್ ನೂಬೆಲಿನ್ 1947ರಲ್ಲಿ ಇದನ್ನು ವಿವರಿಸಿ ಆ ಹೆಸರು ಕೊಟ್ಟರು. ಇಷ್ಟು ಚೆನ್ನಾಗಿ ಒಪ್ಪುವ ಹೆಸರು ಮೀನುಗಳ ಲೋಕದಲ್ಲಿ ಅಪರೂಪ.

ಇದರ ರಕ್ತ ನಿಜವಾಗಲೂ ಬಿಳಿಯಾ?

ಬಿಳಿ ಅನ್ನುವುದಕ್ಕಿಂತ ಬಣ್ಣವಿಲ್ಲ ಅನ್ನುವುದು ಸರಿ. ಗಾಜಿನ ನಳಿಕೆಯಲ್ಲಿ ಹಿಡಿದರೆ ಆಚೆ ಬದಿ ಕಾಣುವಷ್ಟು ತಿಳಿ.

ಮೀನು ಮಾರ್ಕೆಟ್ಟಿಗೆ ಹೋಗಿ ಅಭ್ಯಾಸ ಇರುವವರಿಗೆ ಇದನ್ನು ಇನ್ನೂ ಚೆನ್ನಾಗಿ ಹೇಳಬಹುದು. ಬಂಗುಡೆ ಕೊಳ್ಳುವಾಗ ಏನು ಮಾಡುತ್ತೀರಿ? ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ ನೋಡುತ್ತೀರಿ. ಕೆಂಪಗಿದ್ದರೆ ತಾಜಾ, ಮಂಕಾಗಿದ್ದರೆ ಹಳೇದು. ಐಸ್‌ಫಿಶ್‌ನ ಕಿವಿರು ಎತ್ತಿದರೆ ಒಳಗೆ ಕೆನೆ ಬಣ್ಣ. ಈಗಷ್ಟೇ ನೀರಿನಿಂದ ತೆಗೆದು ಜೀವಂತ ಒದ್ದಾಡುತ್ತಿದ್ದರೂ ಕೆನೆ ಬಣ್ಣವೇ. ನಮ್ಮ ಮಾರ್ಕೆಟ್ಟಿಗೆ ಬಂದಿದ್ದರೆ ಒಂದನ್ನೂ ಯಾರೂ ಮುಟ್ಟುತ್ತಿರಲಿಲ್ಲ.

ಕಾರಣ ಹಿಮೋಗ್ಲೋಬಿನ್. ರಕ್ತಕ್ಕೆ ಕೆಂಪು ಕೊಡುವುದು ಅದು, ಆಮ್ಲಜನಕವನ್ನು ಹಿಡಿದು ಮೈಯೆಲ್ಲ ಹೊತ್ತೊಯ್ಯುವುದೂ ಅದೇ. ಐಸ್‌ಫಿಶ್‌ಗಳಲ್ಲಿ ಅದಿಲ್ಲ. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ, ಬೆಳೆದು ದೊಡ್ಡವಾದ ಮೇಲೂ ಹಿಮೋಗ್ಲೋಬಿನ್ ಇಲ್ಲದೆ ಬದುಕುವುದು ಈ ಒಂದೇ ಕುಟುಂಬ. ಹಿಮೋಗ್ಲೋಬಿನ್ ತಯಾರಿಸಲು ಎರಡು ಬಗೆಯ ಜೀನ್ ಬೇಕು. ಉಳಿದೆಲ್ಲ ಐಸ್‌ಫಿಶ್‌ಗಳಲ್ಲಿ ಒಂದು ಪೂರ್ತಿ ಅಳಿಸಿಹೋಗಿದೆ, ಇನ್ನೊಂದರ ಚೂರು ಮಾತ್ರ ಉಳಿದಿದೆ. ಯೋನನ ಐಸ್‌ಫಿಶ್ ಮಾತ್ರ ಬೇರೆ. ಅದರಲ್ಲಿ ಎರಡೂ ಜೀನ್‌ಗಳು ಹೆಚ್ಚುಕಡಿಮೆ ಇಡಿಯಾಗಿಯೇ ಕಾಣುತ್ತವೆ, ಆದರೆ ಕೆಲಸ ಮಾಡುವುದಿಲ್ಲ. ಯಂತ್ರ ಅಲ್ಲೇ ಇದೆ, ಕೆಟ್ಟು ನಿಂತಿದೆ.

ಹಿಮೋಗ್ಲೋಬಿನ್ ಇಲ್ಲದೆ ಆಮ್ಲಜನಕ ಹೇಗೆ ಸಿಗುತ್ತದೆ?

ನೇರವಾಗಿ ರಕ್ತದ ನೀರಿನಲ್ಲೇ ಕರಗಿ. ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ.

ಇದು ಸಾಧ್ಯವಾಗಿರುವುದು ಆ ಸಮುದ್ರದ ತಂಪಿನಿಂದ. ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. ಬೇಸಿಗೆಯಲ್ಲಿ ನಮ್ಮ ಅರಬ್ಬಿ ಸಮುದ್ರದ ಮೇಲ್ನೀರು 30 ಡಿಗ್ರಿ ಹತ್ತಿರ ಬರುತ್ತದೆ. ಅಂಥ ನೀರು ಹಿಡಿದಿಡಬಲ್ಲ ಆಮ್ಲಜನಕದ ಹೆಚ್ಚುಕಡಿಮೆ ಎರಡರಷ್ಟನ್ನು ಸೊನ್ನೆ ಡಿಗ್ರಿಯ ಸಮುದ್ರದ ನೀರು ಹಿಡಿದಿಡಬಲ್ಲದು. ದಕ್ಷಿಣ ಸಾಗರದಲ್ಲಿ ಗಾಳಿ ಮತ್ತು ಅಲೆಗಳ ಆರ್ಭಟ ಬೇರೆ, ನೀರು ಸದಾ ಕಲಸಿಕೊಳ್ಳುತ್ತಲೇ ಇರುತ್ತದೆ. ಜೊತೆಗೆ ತಣ್ಣನೆಯ ಮೈಗೆ ಆಮ್ಲಜನಕದ ಹಸಿವೂ ಕಮ್ಮಿ.

ಆದರೂ ಕೊರತೆ ಕೊರತೆಯೇ. ಕೆಂಪು ರಕ್ತದ ನೆಂಟರ ಜೊತೆ ಹೋಲಿಸಿದರೆ, ಐಸ್‌ಫಿಶ್‌ನ ಒಂದು ಬಟ್ಟಲು ರಕ್ತ ಹೊರುವ ಆಮ್ಲಜನಕ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ. ಅದಕ್ಕೆ ಈ ಮೀನು ರಕ್ತದ ಪ್ರಮಾಣ ಹೆಚ್ಚಿಸಿಕೊಂಡಿದೆ: ಎರಡರಿಂದ ನಾಲ್ಕು ಪಟ್ಟು. ಹೃದಯ ದೊಡ್ಡದು. ಅತಿ ಸಣ್ಣ ರಕ್ತನಾಳಗಳೂ ಅಗಲ. ಕೆಂಪು ಕಣಗಳಿಲ್ಲದ ಕಾರಣ ರಕ್ತ ತೆಳು, ಸಲೀಸಾಗಿ ಹರಿಯುತ್ತದೆ. ಹುರುಪೆ ಇಲ್ಲದ ಚರ್ಮದ ಮೂಲಕವೂ ಸ್ವಲ್ಪ ಆಮ್ಲಜನಕ ಒಳಗೆ ಬರುತ್ತದೆ. ಕೊಡದಲ್ಲಿ ನೀರು ತರುವವರು ಲೋಟದಲ್ಲಿ ತರಬೇಕಾಗಿ ಬಂದರೆ ಏನು ಮಾಡುತ್ತಾರೆ? ಜಾಸ್ತಿ ಸಲ ಓಡಾಡುತ್ತಾರೆ. ಐಸ್‌ಫಿಶ್‌ನ ಹೃದಯ ದಿನವಿಡೀ ಮಾಡುವುದು ಅದನ್ನೇ.

ಹಾಗಾದರೆ ಬಣ್ಣವಿಲ್ಲದ ರಕ್ತದಿಂದ ಲಾಭ ಇದೆಯಾ?

ಎಷ್ಟೋ ಕಡೆ ಇದನ್ನು 'ಪ್ರಕೃತಿಯ ಜಾಣ ಉಪಾಯ' ಅಂತ ಬರೆದಿರುತ್ತಾರೆ. ತೆಳು ರಕ್ತವನ್ನು ಪಂಪ್ ಮಾಡುವುದು ಸುಲಭ, ಶಕ್ತಿ ಉಳಿಯುತ್ತದೆ ಅನ್ನುವುದು ವಾದ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಸುಮ್ನೆ ಕೂತಿರುವಾಗಲೂ ಐಸ್‌ಫಿಶ್ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಬರೀ ಹೃದಯಕ್ಕೇ ಹೋಗುತ್ತದೆ. ಬೇರೆ ಮೀನುಗಳಲ್ಲಿ ಅದು ನೂರರಲ್ಲಿ ಐದು ಪಾಲನ್ನೂ ಮುಟ್ಟುವುದು ಕಷ್ಟ. ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಬ್ರೂಸ್ ಸಿಡೆಲ್ ಅವರ ಅಭಿಪ್ರಾಯವೂ ಇದೇ ಆಗಿತ್ತು: ಹಿಮೋಗ್ಲೋಬಿನ್ ಹೋದದ್ದು ವರವಲ್ಲ, ನಷ್ಟ.

ನನಗೂ ಇದೇ ಸರಿ ಅನ್ನಿಸುತ್ತದೆ. ಯಾವುದೋ ಕಾಲದಲ್ಲಿ ಜೀನ್ ಕೆಟ್ಟಿತು. ಬೆಚ್ಚಗಿನ ಸಮುದ್ರದಲ್ಲಾಗಿದ್ದರೆ ಆ ಮೀನು ಅಲ್ಲೇ ಸಾಯುತ್ತಿತ್ತು. ಇಲ್ಲಿ ನೀರು ತಣ್ಣಗಿತ್ತು, ಆಮ್ಲಜನಕ ಹೇರಳವಾಗಿತ್ತು, ಪೈಪೋಟಿಗೆ ಬೇರೆ ಮೀನುಗಳೂ ಹೆಚ್ಚಿರಲಿಲ್ಲ. ಹೇಗೋ ಬದುಕಿತು. ಆಮೇಲೆ ತಲೆಮಾರುಗಳ ಮೇಲೆ ತಲೆಮಾರು ಹೃದಯ, ರಕ್ತನಾಳ ಎಲ್ಲ ಆ ನಷ್ಟವನ್ನು ತುಂಬಿಕೊಡುತ್ತಾ ಬಂದವು. ಒಟ್ಟಿನಲ್ಲಿ ಇದನ್ನು ಉಳಿಸಿದ್ದು ಸಮುದ್ರ. ಈ ಮೀನಿನ ಬೇರೆ ಯಾವ ವಿಷಯ ಓದುವಾಗಲೂ ಈ ಮಾತು ನೆನಪಿರಲಿ.

ನಷ್ಟ ಅಲ್ಲಿಗೇ ನಿಂತಿಲ್ಲ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅಂತ ಇನ್ನೊಂದು ಪ್ರೋಟೀನ್ ಇದೆ. 16 ಜಾತಿಗಳಲ್ಲಿ 6 ಜಾತಿಗಳು ಹೃದಯದ ಮಯೋಗ್ಲೋಬಿನ್ ಕೂಡ ಕಳೆದುಕೊಂಡಿವೆ. ಅವುಗಳ ಹೃದಯವೂ ಬಿಳಿಚಿಕೊಂಡಿರುತ್ತದೆ.

ಈ ಬಣ್ಣವಿಲ್ಲದ ರಕ್ತವನ್ನು ಮೊದಲು ಗಮನಿಸಿದವರು ಯಾರು?

ನಾರ್ವೆಯ ತಿಮಿಂಗಿಲ ಬೇಟೆಗಾರರು. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಕೆಲಸ ಮಾಡುತ್ತಿದ್ದ ಅವರು 'ರಕ್ತವಿಲ್ಲದ ಮೀನು' ಅಂತ ಮಾತಾಡಿಕೊಳ್ಳುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಯೋಹಾನ್ ರೂಡ್ ಎಂಬ ವಿದ್ಯಾರ್ಥಿ ತಿಮಿಂಗಿಲ ಹಡಗಿನಲ್ಲಿ ಹೋಗಿದ್ದಾಗ ಈ ಮಾತು ಕಿವಿಗೆ ಬಿತ್ತು. ನಾವಿಕರ ಕತೆ ಅಂತ ನಂಬಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಡಿಟ್ಲೆಫ್ ರುಸ್ಟಾಡ್ ಎಂಬ ಇನ್ನೊಬ್ಬ ನಾರ್ವೆಯ ಜೀವಿವಿಜ್ಞಾನಿ ಬೂವೆ ದ್ವೀಪದ ಬಳಿ ಇಂಥ ಒಂದು ಮೀನು ಹಿಡಿದು, ಕೊಯ್ದು, ಇದರ ರಕ್ತಕ್ಕೆ ಬಣ್ಣವಿಲ್ಲ ಅಂತ ಬರೆದಿಟ್ಟುಕೊಂಡಿದ್ದರು.

ರೂಡ್ ಈ ಒಗಟಿಗೆ ಕೈಹಾಕಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಆಗ ಅವರು ಸುಮ್ಮನಿರಲಿಲ್ಲ. 1953ರಲ್ಲಿ ದಕ್ಷಿಣ ಜಾರ್ಜಿಯಾಕ್ಕೇ ಹೋಗಿ, ಮೀನು ಹಿಡಿಸಿ, ರಕ್ತ ಪರೀಕ್ಷೆ ಮಾಡಿ, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಟೆಗಾರರು ಹೇಳಿದ್ದು ಪೂರ್ತಿ ನಿಜವಾಗಿತ್ತು. ಕೈಯಲ್ಲಿ ಕೆಲಸ ಮಾಡುವವರ ಕಣ್ಣು ಎಷ್ಟು ಸೂಕ್ಷ್ಮ ಅಲ್ವಾ!

ಅಷ್ಟು ತಣ್ಣನೆಯ ನೀರಿನಲ್ಲಿ ಮೀನು ಹೆಪ್ಪುಗಟ್ಟುವುದಿಲ್ಲವಾ?

ಹೆಪ್ಪುಗಟ್ಟಬೇಕಿತ್ತು. ಉಪ್ಪಿರುವುದರಿಂದ ಸಮುದ್ರದ ನೀರು ಸೊನ್ನೆಗೆ ಗಟ್ಟಿಯಾಗುವುದಿಲ್ಲ, ಮೈನಸ್ 1.9 ಡಿಗ್ರಿಗೆ ಗಟ್ಟಿಯಾಗುತ್ತದೆ. ಸಾಮಾನ್ಯ ಕಡಲ ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿರುವುದಿಲ್ಲ. ಮೈನಸ್ 1 ಡಿಗ್ರಿ ತಲುಪುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಅಂದರೆ ನೀರು ನೀರಾಗಿಯೇ ಇದ್ದು, ಅದರೊಳಗಿನ ಮೀನು ಐಸ್ ಆಗಬೇಕು.

ಆರ್ಥರ್ ಡಿವ್ರೀಸ್ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದಲ್ಲಿ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಸಂಶೋಧನಾ ಕೇಂದ್ರದಲ್ಲಿ ಈ ಒಗಟಿಗೆ ಉತ್ತರ ಹುಡುಕಿದರು. ಅಂಟಾರ್ಕ್ಟಿಕದ ಈ ಮೀನುಗಳ ರಕ್ತದಲ್ಲಿ ಸಕ್ಕರೆ ಅಂಟಿಕೊಂಡ ಒಂದು ಬಗೆಯ ಪ್ರೋಟೀನ್ ಇದೆ. ಕಾರಿನ ರೇಡಿಯೇಟರ್‌ಗೆ ಹಾಕುವ ಆಂಟಿಫ್ರೀಜ್ ಹಾಗೆ ಅನ್ನುತ್ತಾರೆ, ಆದರೆ ಕೆಲಸ ಮಾಡುವ ರೀತಿ ಬೇರೆ. ಮೀನಿನ ಮೈಯೊಳಗೆ ಐಸ್‌ನ ಸಣ್ಣ ಹರಳು ಬರುವುದನ್ನು ಇದು ತಡೆಯುವುದಿಲ್ಲ. ಬಂದ ಹರಳಿನ ಮೇಲೆ ಹೋಗಿ ಅಂಟಿಕೊಂಡು ಅದು ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ. ಅಂದರೆ ಈ ಮೀನುಗಳು ಮೈಯೊಳಗೆ ಐಸ್‌ನ ಚೂರುಗಳನ್ನು ಇಟ್ಟುಕೊಂಡೇ ಓಡಾಡುತ್ತವೆ!

ಈ ಪ್ರೋಟೀನಿನ ಮೂಲವೂ ಸ್ವಾರಸ್ಯದ್ದು. 1997ರಲ್ಲಿ ಗೊತ್ತಾದ ಪ್ರಕಾರ, ಆಹಾರ ಅರಗಿಸುವ ಟ್ರಿಪ್ಸಿನೋಜನ್ ಎಂಬ ವಸ್ತುವಿನ ಜೀನ್‌ನ ಒಂದು ತುಣುಕೇ ಮತ್ತೆ ಮತ್ತೆ ನಕಲಾಗಿ ಈ ಹೊಸ ಜೀನ್ ಹುಟ್ಟಿದೆ. ಉತ್ತರ ಧ್ರುವದ ಕಾಡ್ ಮೀನಿನಲ್ಲೂ ಹೆಚ್ಚುಕಡಿಮೆ ಇದೇ ಪ್ರೋಟೀನ್ ಇದೆ, ಆದರೆ ಅದು ಹುಟ್ಟಿದ್ದು ಪೂರ್ತಿ ಬೇರೆ ದಾರಿಯಲ್ಲಿ.

ಇದು ವಾಸಿಸುವುದು ಎಲ್ಲಿ?

ಅಂಟಾರ್ಕ್ಟಿಕದ ಸುತ್ತಲೂ, ಖಂಡಕ್ಕೆ ಅಂಟಿಕೊಂಡ ಸಮುದ್ರದಲ್ಲಿ. ವೆಡೆಲ್ ಸಮುದ್ರ, ರಾಸ್ ಸಮುದ್ರ, ಪ್ರಿಡ್ಜ್ ಕೊಲ್ಲಿ, ಅಂಟಾರ್ಕ್ಟಿಕ ಪರ್ಯಾಯದ್ವೀಪದ ತೀರ. ಭಾರತದ 'ಭಾರತಿ' ಸಂಶೋಧನಾ ಕೇಂದ್ರ 2012ರಿಂದ ಇರುವುದು ಪ್ರಿಡ್ಜ್ ಕೊಲ್ಲಿಯ ದಡದಲ್ಲೇ. ಮರಿಗಳು ಮೇಲಿನ ನೀರಿನಲ್ಲಿ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳ ಹಿಂಡುಗಳ ಜೊತೆ ಇರುತ್ತವೆ. ದೊಡ್ಡವು ಕೆಳಕ್ಕೆ ಹೋಗುತ್ತವೆ, 900 ಮೀಟರ್ ಆಳದವರೆಗೂ. ಐಸ್‌ಫಿಶ್‌ಗಳಿಗೆ ಮೀನುಗಳಲ್ಲಿರುವ ಗಾಳಿಚೀಲ ಇಲ್ಲ. ಅದರ ಬದಲು ಮೂಳೆಗಳು ಹಗುರ, ಹಾಗಾಗಿ ಮೈ ಪೂರ್ತಿ ಮುಳುಗಿಹೋಗುವುದಿಲ್ಲ.

ಸಮುದ್ರದ ತಳದಲ್ಲಿ ಈ ಮೀನಿನ ಆರು ಕೋಟಿ ಗೂಡು ಸಿಕ್ಕಿದ ಸುದ್ದಿ ನಿಜವಾ?

ನಿಜ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2021ರ ಫೆಬ್ರವರಿ. ಜರ್ಮನಿಯ ಸಂಶೋಧನಾ ಹಡಗು 'ಪೋಲಾರ್‌ಸ್ಟೆರ್ನ್' ವೆಡೆಲ್ ಸಮುದ್ರದ ದಕ್ಷಿಣ ತುದಿಯಲ್ಲಿ, ಫಿಲ್ಷ್ನರ್ ಹಿಮದ ಹಾಸಿನ ಹತ್ತಿರ ಇತ್ತು. ಹಡಗಿನ ಹಿಂದೆ ಉದ್ದನೆಯ ಕೇಬಲ್. ಅದರ ತುದಿಯಲ್ಲಿ ಕ್ಯಾಮೆರಾ ಕಟ್ಟಿದ ಭಾರದ ಚೌಕಟ್ಟು, ಸಮುದ್ರದ ತಳದಿಂದ ಒಂದೆರಡು ಮೀಟರ್ ಮೇಲೆ ಎಳೆದುಕೊಂಡು ಹೋಗುವಂಥದ್ದು. ಬಂದ ಕೆಲಸ ಬೇರೆಯೇ: ಅಲ್ಲಿನ ನೀರಿನ ಹರಿವು, ತಳದ ಜೀವಿಗಳು ಇವನ್ನು ನೋಡುವುದು. ಪರದೆಯ ಮೇಲೆ ಒಂದು ಗುಂಡಗಿನ ಗುಂಡಿ ಬಂತು. ಅದರ ಮೇಲೆ ಒಂದು ಮೀನು. ಪಕ್ಕದಲ್ಲೇ ಇನ್ನೊಂದು ಗುಂಡಿ. ಮತ್ತೊಂದು. ಹಡಗು ಮುಂದೆ ಸಾಗಿದಂತೆ ಗಂಟೆಗಟ್ಟಲೆ ಇದೇ ನೋಟ.

ಪ್ರತಿ ಗೂಡು ಸುಮಾರು 75 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳ. ನಮ್ಮ ಬಾಣಲೆಯ ಆಕಾರ ಅಂದುಕೊಳ್ಳಿ. ಸುತ್ತಲೂ ಮೆತ್ತನೆಯ ಕೆಸರು, ಆದರೆ ಗುಂಡಿಯ ನಡುವೆ ಮಾತ್ರ ಕೆಸರು ಸರಿಸಿ ಸಣ್ಣ ಕಲ್ಲುಗಳು ಕಾಣುತ್ತವೆ. ಆ ಕಲ್ಲುಗಳ ಮೇಲೆ ಮೊಟ್ಟೆ, ಸರಾಸರಿ ಗೂಡಿಗೆ 1,735. ಮೊಟ್ಟೆಗಳ ಮೇಲೆ ದೊಡ್ಡ ಮೀನು ರೆಕ್ಕೆ ಹರಡಿ ಕೂತಿರುತ್ತದೆ.

ಕ್ಯಾಮೆರಾಕ್ಕೆ ಸಿಕ್ಕ ಗೂಡುಗಳು 16,160. ಅವುಗಳಲ್ಲಿ ನೂರಕ್ಕೆ 76ರಲ್ಲಿ ಒಂದೊಂದು ಮೀನು ಕಾವಲಿತ್ತು. ಕೆಲವು ಗೂಡುಗಳಲ್ಲಿ ಮೊಟ್ಟೆ ಇತ್ತು, ಕಾಯುವವರಿರಲಿಲ್ಲ. ಕೆಲವು ಖಾಲಿ. ಅಲ್ಲಲ್ಲಿ ಸತ್ತ ಮೀನುಗಳೂ ಇದ್ದವು. ಸರಾಸರಿ ನಾಲ್ಕು ಚದರ ಮೀಟರ್‌ಗೆ ಒಂದು ಗೂಡು. ಇಂಥ ಗೂಡುಗಳ ಹರವು ಕನಿಷ್ಠ 240 ಚದರ ಕಿಲೋಮೀಟರ್, ಬೆಂಗಳೂರು ನಗರದ ಮೂರರಲ್ಲಿ ಒಂದು ಪಾಲಿನಷ್ಟು. ಅದರಿಂದ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 6 ಕೋಟಿ ಗೂಡು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಹತ್ತಿರ ಹತ್ತಿರ ಅಷ್ಟೇ ಇತ್ತು. ಅದಕ್ಕೂ ಮೊದಲು ಐಸ್‌ಫಿಶ್ ಗೂಡುಗಳು ಕಂಡಿದ್ದು ಒಂದು ಕಡೆ ಕೆಲವೇ ಡಜನ್ ಮಾತ್ರ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಶೋಧನಾ ಸಂಸ್ಥೆಯ ಓಟನ್ ಪರ್ಸರ್ ಮತ್ತು ಸಂಗಡಿಗರು ಇದನ್ನು 2022ರ ಜನವರಿಯಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಲ್ಲೇ ಯಾಕೆ ಅಷ್ಟೊಂದು ಗೂಡು?

ಗೂಡುಗಳಿರುವ ಜಾಗ 420ರಿಂದ 535 ಮೀಟರ್ ಆಳದಲ್ಲಿದೆ. ಆಚೆಯ ಆಳ ಸಮುದ್ರದಿಂದ ಸ್ವಲ್ಪ ಬೆಚ್ಚಗಿನ ನೀರು ಹರಿದು ಬಂದು ತಳ ಮುಟ್ಟುವುದು ಸರಿಯಾಗಿ ಅಲ್ಲೇ. ಬೆಚ್ಚಗೆ ಅಂದರೆ ನಮ್ಮ ಬೆಚ್ಚಗೆ ಅಲ್ಲ, ಸುತ್ತಲಿನ ನೀರಿಗಿಂತ ಎರಡು ಡಿಗ್ರಿವರೆಗೆ ಹೆಚ್ಚು, ಅಷ್ಟೇ. ಮೊಟ್ಟೆಗಳಿಗೆ ಅಷ್ಟರಿಂದಲೂ ದೊಡ್ಡ ಅನುಕೂಲ. ಮೇಲಕ್ಕೆ ಹೋದ ಮರಿಗಳಿಗೆ ಅಲ್ಲಿ ತಿನ್ನಲು ನೀರಿನಲ್ಲಿ ತೇಲುವ ಪುಟ್ಟ ಜೀವಿಗಳೂ ಸಿಗುತ್ತವೆ. ಆ ಬೆಚ್ಚನೆಯ ನೀರಿನ ಗಡಿ ಮುಗಿದ ಕಡೆ ಗೂಡುಗಳೂ ಮುಗಿಯುತ್ತವೆ.

ಏನು ತಿನ್ನುತ್ತದೆ? ಇದನ್ನು ತಿನ್ನುವವರು ಯಾರು?

ಕ್ರಿಲ್ ಮತ್ತು ಸಣ್ಣ ಮೀನುಗಳು ಇದರ ಆಹಾರ. ಇದನ್ನು ತಿನ್ನುವವರಲ್ಲಿ ಮುಖ್ಯ ವೆಡೆಲ್ ಸೀಲ್‌ಗಳು. ಗೂಡುಗಳು ಸಿಕ್ಕಿದ ಮೇಲೆ ವಿಜ್ಞಾನಿಗಳು ಹಳೆಯ ದಾಖಲೆ ತೆಗೆದು ನೋಡಿದರು. ಮೈಗೆ ಉಪಗ್ರಹ ಸಾಧನ ಅಂಟಿಸಿದ್ದ ಸೀಲ್‌ಗಳು ಪದೇ ಪದೇ ಮುಳುಗುತ್ತಿದ್ದುದು ಇದೇ ಜಾಗದಲ್ಲಿ. ಮನುಷ್ಯರು ಕಾಣುವ ಎಷ್ಟೋ ಮೊದಲೇ ಸೀಲ್‌ಗಳಿಗೆ ಈ ಊರು ಗೊತ್ತಿತ್ತು.

ನಾವು ಇದನ್ನು ತಿನ್ನಬಹುದಾ?

ಯೋನನ ಐಸ್‌ಫಿಶ್ ಮಾರಾಟದ ಮೀನಲ್ಲ. ಇದರ ನೆಂಟ ಮ್ಯಾಕರೆಲ್ ಐಸ್‌ಫಿಶ್ ಅನ್ನು ದಕ್ಷಿಣ ಜಾರ್ಜಿಯಾ ಮತ್ತು ಹರ್ಡ್ ದ್ವೀಪದ ಬಳಿ ಮಿತಿ ಹಾಕಿ ಹಿಡಿಯುತ್ತಾರೆ. ಆ ಮಿತಿ ಬರುವ ಮೊದಲು, 1970 ಮತ್ತು 80ರ ದಶಕಗಳಲ್ಲಿ, ಮುಖ್ಯವಾಗಿ ಸೋವಿಯತ್ ಹಡಗುಗಳು ಬಲೆ ಎಳೆದೂ ಎಳೆದೂ ಅದರ ಸಂತತಿ ಕುಸಿದುಹೋಗಿತ್ತು.

ಸಮುದ್ರ ಬಿಸಿಯಾದರೆ ಇದಕ್ಕೆ ಏನಾಗುತ್ತದೆ?

ಗೂಡಿಗೆ ಬೆಚ್ಚನೆ ನೀರು ಬೇಕಂದ್ರಲ್ಲ, ಬಿಸಿಯಾದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಹಾಗಲ್ಲ. ಮೊಟ್ಟೆಗೆ ಬೇಕಾದದ್ದು ಮೈನಸ್ ಎರಡರ ಬದಲು ಸೊನ್ನೆ. ಅದೂ ಅದೇ ಜಾಗದಲ್ಲಿ, ಅದೇ ಆಳದಲ್ಲಿ. ನೀರಿನ ಹರಿವು ಬದಲಾದರೆ ಆ ಜಾಗವೇ ಬದಲಾಗುತ್ತದೆ.

ಇನ್ನು ದೊಡ್ಡ ಮೀನಿನ ಮಾತು. ನೀರು ಬಿಸಿಯಾದರೆ ಎರಡು ಕಡೆಯಿಂದ ಏಟು. ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಮೈಗೆ ಬೇಕಾದ ಆಮ್ಲಜನಕ ಏರುತ್ತದೆ. ಬೇರೆ ಮೀನುಗಳಿಗಾದರೆ ಹಿಮೋಗ್ಲೋಬಿನ್ ಸಹಾಯಕ್ಕಿದೆ. ಇದಕ್ಕೆ ಇಲ್ಲ. ಬ್ಲ್ಯಾಕ್‌ಫಿನ್ ಎಂಬ ಇನ್ನೊಂದು ಐಸ್‌ಫಿಶ್ ಅನ್ನು ತೊಟ್ಟಿಯಲ್ಲಿಟ್ಟು ನೀರನ್ನು ಮೆಲ್ಲಗೆ ಬಿಸಿ ಮಾಡಿ ನೋಡಿದ್ದಾರೆ. 14 ಡಿಗ್ರಿ ಆಸುಪಾಸಿನಲ್ಲಿ ಅದು ಮಗುಚಿಬೀಳುತ್ತದೆ. ಅದೇ ನೀರಿನ ಕೆಂಪು ರಕ್ತದ ಮೀನು 17ರ ಆಸುಪಾಸಿನವರೆಗೆ ತಡೆದುಕೊಳ್ಳುತ್ತದೆ. ಇದು ಕೆಲವು ಗಂಟೆಗಳ ಪರೀಕ್ಷೆಯ ಮಾತು, ವರ್ಷಗಟ್ಟಲೆ ಬದುಕಬಲ್ಲ ಬಿಸಿ ಇದಕ್ಕಿಂತ ತುಂಬಾ ಕಮ್ಮಿ. ಬಂಗುಡೆ, ಬೂತಾಯಿ ನೀರು ಬಿಸಿಯಾದರೆ ಉತ್ತರಕ್ಕೋ ಆಳಕ್ಕೋ ಸರಿದಾವು. ಇದು ಈಗಾಗಲೇ ಭೂಮಿಯ ತುದಿಯಲ್ಲಿದೆ. ಇನ್ನೂ ದಕ್ಷಿಣಕ್ಕೆ ಹೋದರೆ ಸಿಗುವುದು ನೆಲ ಮತ್ತು ಮಂಜು.

ಗೂಡುಗಳ ಜಾಗಕ್ಕೆ ರಕ್ಷಣೆ ಇದೆಯಾ? ಭಾರತದ ನಿಲುವೇನು?

ಅಂಟಾರ್ಕ್ಟಿಕದ ಸಮುದ್ರ ಜೀವಿಗಳ ವಿಷಯ ನೋಡಿಕೊಳ್ಳುವುದಕ್ಕೆ 1982ರಿಂದ ಒಂದು ಅಂತರರಾಷ್ಟ್ರೀಯ ಆಯೋಗ ಇದೆ. ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ. ಭಾರತವೂ ಅದರ ಸದಸ್ಯ. 2016ರಲ್ಲಿ ರಾಸ್ ಸಮುದ್ರದ ಸುಮಾರು 15.5 ಲಕ್ಷ ಚದರ ಕಿಲೋಮೀಟರನ್ನು ಸಂರಕ್ಷಿತ ಪ್ರದೇಶ ಮಾಡಲು ಆಯೋಗ ಒಪ್ಪಿತು. ವೆಡೆಲ್ ಸಮುದ್ರಕ್ಕೂ ಹಾಗೆ ಮಾಡಿ ಅಂತ ಯುರೋಪಿಯನ್ ಒಕ್ಕೂಟ ಕೇಳುತ್ತಲೇ ಬಂದಿದೆ. 2021ರಲ್ಲಿ ಭಾರತ ಆ ಪ್ರಸ್ತಾವದ ಜೊತೆ ನಿಂತಿತು. ಅಲ್ಲಿ ತೀರ್ಮಾನ ಆಗಬೇಕಾದರೆ ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಒಂದು ದೇಶ ಬೇಡ ಅಂದರೂ ಕೆಲಸ ನಿಲ್ಲುತ್ತದೆ, ಪ್ರಸ್ತಾವ ವರ್ಷ ವರ್ಷ ಮುಂದಕ್ಕೆ ಹೋಗಿರುವುದು ಅದಕ್ಕೇ. ಆರು ಕೋಟಿ ಗೂಡು ಕಣ್ಣಿಗೆ ಕಂಡ ಮೇಲೂ ಇನ್ನೇನು ಸಾಕ್ಷಿ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ.

ಇದನ್ನು ಎಲ್ಲಾದರೂ ಜೀವಂತ ನೋಡಬಹುದಾ?

ಯೋನನ ಐಸ್‌ಫಿಶ್ ಅನ್ನು ಅಕ್ವೇರಿಯಂನಲ್ಲಿ ನೋಡಲು ಆಗುವುದಿಲ್ಲ. ಇದೇ ಕುಟುಂಬದ ಇನ್ನೊಂದು ಜಾತಿಯನ್ನು ಟೋಕಿಯೋದ ಕಸಾಯ್ ಕಡಲ ಪಾರ್ಕ್‌ನಲ್ಲಿ ಸಾಕಿದ್ದರು, 2013ರಲ್ಲಿ ಅದು ಸುದ್ದಿಯೂ ಆಗಿತ್ತು. ಪೋಲಾರ್‌ಸ್ಟೆರ್ನ್ ತೆಗೆದ ಚಿತ್ರಗಳು ಮಾತ್ರ ಎಲ್ಲರಿಗೂ ಸಿಗುತ್ತವೆ. ಒಂದನ್ನು ದೊಡ್ಡದು ಮಾಡಿ ನೋಡಿ. ಗುಂಡಿಯ ಅಂಚು ಒತ್ತಿ ಮಾಡಿದ ಹಾಗೆ ದುಂಡಗೆ. ನಡುವೆ ಕಲ್ಲುಗಳು, ಅವುಗಳ ಮೇಲೆ ಒತ್ತೊತ್ತಾಗಿ ಮೊಟ್ಟೆ. ಮೇಲೆ ಅಲುಗಾಡದೆ ಕೂತ ಮೀನು. ಹಡಗು ಅಲ್ಲಿಂದ ಹೊರಡುವ ಮೊದಲು, ಮುಂದೆ ಏನಾಗುತ್ತದೆ ನೋಡೋಣ ಅಂತ ವಿಜ್ಞಾನಿಗಳು ಆ ಗೂಡುಗಳ ನಡುವೆ ಎರಡು ವರ್ಷ ಚಿತ್ರ ತೆಗೆಯುವಂತೆ ಕ್ಯಾಮೆರಾ ಇಳಿಸಿ ಬಂದರು.